ರಾತ್ರಿ ಹತ್ತರ ಮೇಲಿನ ಊಟ: ನಾಲ್ಕು ತಾಲ್ಲೂಕುಗಳ ನಾಗರಿಕರ ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಮೈಸೂರು ಜಿಲ್ಲೆ, ಮೈಸೂರು.
(ಮಾನ್ಯ ಉಪವಿಭಾಗಾಧಿಕಾರಿಗಳು, ಹುಣಸೂರು ಉಪವಿಭಾಗ, ಇವರ ಮುಖಾಂತರ)

ವಿಷಯ: ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಪಟ್ಟಣಗಳಲ್ಲಿಯೂ, ಈ ತಾಲ್ಲೂಕುಗಳ ಜನ ಹೋಗಿ ತಂಗುವ ಮೈಸೂರಿನ ಆಸ್ಪತ್ರೆ ಮತ್ತು ಬಸ್ ನಿಲ್ದಾಣಗಳ ಸುತ್ತಲೂ ತಡರಾತ್ರಿ ಶುಚಿಯಾದ ಊಟ ಸಿಗುವಂತೆ ವ್ಯವಸ್ಥೆ ಮಾಡುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನಾಲ್ಕು ತಾಲ್ಲೂಕುಗಳ ನಿವಾಸಿಗಳಾದ ನಾವು ಈ ಮನವಿಯನ್ನು ಸಲ್ಲಿಸುತ್ತಿದ್ದೇವೆ. ನಮ್ಮಲ್ಲಿ ಹೊಗೆಸೊಪ್ಪು ಬೆಳೆಗಾರರಿದ್ದಾರೆ, ಲಾರಿ ಮತ್ತು ಬಾಡಿಗೆ ಕಾರಿನ ಚಾಲಕರಿದ್ದಾರೆ, ತಳ್ಳುಗಾಡಿ ಇಟ್ಟು ಬದುಕುವವರಿದ್ದಾರೆ, ಮೈಸೂರಿನ ದೊಡ್ಡಾಸ್ಪತ್ರೆಗೆ ಓಡಾಡಿ ದಣಿದ ಮನೆಯವರಿದ್ದಾರೆ.

ರಾತ್ರಿ ಹೋಟೆಲು ಎಂದೊಡನೆ ಬೆಂಗಳೂರಿನ ಮೋಜು, ಪಬ್ಬು, ಬಣ್ಣದ ದೀಪ ನೆನಪಾಗುವುದು ಸಹಜ. ಸರ್ಕಾರವೂ ಈ ವಿಷಯವನ್ನು ಹಾಗೆಯೇ ನೋಡಿದಂತಿದೆ. 2024-25ನೇ ಸಾಲಿನ ಆಯವ್ಯಯದಲ್ಲಿ ಬೆಂಗಳೂರು ಹಾಗೂ ರಾಜ್ಯದ ಇತರ 10 ಮಹಾನಗರ ಪಾಲಿಕೆಗಳ ವ್ಯಾಪ್ತಿಯಲ್ಲಿ ರಾತ್ರಿ ವ್ಯಾಪಾರದ ಅವಧಿಯನ್ನು 1 ಗಂಟೆಯವರೆಗೆ ವಿಸ್ತರಿಸುವುದಾಗಿ ಘೋಷಿಸಲಾಯಿತು. ಹುಣಸೂರಿನದು ನಗರಸಭೆ, ಉಳಿದ ಮೂರು ಊರುಗಳದು ಪುರಸಭೆ. ಆದ್ದರಿಂದ ಆ ಮಾತು ನಮಗೆ ಅನ್ವಯಿಸುವುದಿಲ್ಲ. ಆದರೆ ನಮ್ಮ ಕಡೆ ರಾತ್ರಿ ಎದ್ದಿರುವವರು ಮೋಜಿಗಾಗಿ ಎದ್ದಿಲ್ಲ, ದುಡಿಮೆಗಾಗಿ ಎದ್ದಿದ್ದಾರೆ. ಪಾಲಿಕೆ ಇರುವ ಊರಿಗೆ ಮಾತ್ರ ರಾತ್ರಿ ಹಸಿವಾಗುತ್ತದೆ ಎಂಬ ಲೆಕ್ಕಾಚಾರವನ್ನು ತಾವು ಸರಿಪಡಿಸಿಕೊಡಬೇಕು.

ಹೊಗೆಸೊಪ್ಪಿನ ಹಂಗಾಮನ್ನೇ ನೋಡಿ. ಸೊಪ್ಪು ಹದ ಮಾಡುವ ಬ್ಯಾರನ್ನಿನಲ್ಲಿ ಐದಾರು ದಿನ ಹಗಲೂ ರಾತ್ರಿ ಬೆಂಕಿ ಆರಬಾರದು. ಮೊದಲು ಬಣ್ಣ ತಿರುಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ದಂಟು ಒಣಗಬೇಕು. ಪ್ರತಿ ಹಂತಕ್ಕೂ ಕಾವು ಬೇರೆ. ನಡುರಾತ್ರಿ ನಿದ್ದೆ ಬಂತೆಂದು ಉರಿ ತಗ್ಗಿದರೆ ಇಡೀ ಬ್ಯಾರನ್ನಿನ ದರ ಬಿದ್ದಂತೆ. ಬ್ಯಾರನ್ ಕಾಯುವವರಿಗೆ ಮನೆಯಿಂದಲೇ ಬುತ್ತಿ ಬರುತ್ತದೆ, ಅವರ ಚಿಂತೆ ಈ ಮನವಿಯಲ್ಲಿಲ್ಲ. ಚಿಂತೆ ಇರುವುದು ಸೌದೆ ಲೋಡು ತರುವ ಲಾರಿಯವರದು, ಅದನ್ನು ಇಳಿಸುವ ಹಮಾಲಿಗಳದು. ಹರಾಜು ಶುರುವಾದ ಮೇಲೆ ಪಿರಿಯಾಪಟ್ಟಣ, ಕಂಪಲಾಪುರ, ಕಟ್ಟೆಮಳಲವಾಡಿ, ಚಿಲ್ಕುಂದ, ಹೆಗ್ಗಡದೇವನಕೋಟೆಯ ತಂಬಾಕು ಹರಾಜು ಮಾರುಕಟ್ಟೆಗಳತ್ತ ಟ್ರ್ಯಾಕ್ಟರಿನಲ್ಲಿ ಬೇಲ್ ಹೇರಿಕೊಂಡು ಹೊತ್ತಲ್ಲದ ಹೊತ್ತಿನಲ್ಲಿ ಹೊರಡುವ ರೈತರದು. ದೇಶಕ್ಕೆ ವಿದೇಶಿ ವಿನಿಮಯ ತರುವ ಬೆಳೆ ಎಂದು ಭಾಷಣಗಳಲ್ಲಿ ಹೊಗಳಿಸಿಕೊಳ್ಳುವ ರೈತ, ರಾತ್ರಿ ಹನ್ನೊಂದಕ್ಕೆ ಪಟ್ಟಣದ ವೃತ್ತದಲ್ಲಿ ಬನ್ನು, ಬಾಳೆಹಣ್ಣಿಗೂ ಗತಿಯಿಲ್ಲದೆ ನಿಂತಿರುತ್ತಾನೆ.

ಹೆಗ್ಗಡದೇವನಕೋಟೆಯ ಕಷ್ಟ ಬೇರೆ ಬಗೆಯದು. ಬಾವಲಿ ಮೂಲಕ ಮಾನಂದವಾಡಿಗೆ ಹೋಗುವ ಕಾಡುದಾರಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಆನೆ ದಾಟುವ ಹಾದಿ, ಮುಚ್ಚಿರುವುದೇ ಸರಿ, ಅದನ್ನು ತೆರೆಯಿರೆಂದು ನಾವು ಕೇಳುತ್ತಿಲ್ಲ. ಆದರೆ ಗೇಟು ಮುಚ್ಚಿದ ಮೇಲೆ ಬಂದ ತರಕಾರಿ ಲಾರಿ, ಜೀಪುಗಳ ಜನ ಅಂತರಸಂತೆಯಿಂದ ಹ್ಯಾಂಡ್ ಪೋಸ್ಟ್‌ವರೆಗೆ ಎಲ್ಲೋ ಒಂದು ಕಡೆ ಹನ್ನೆರಡು ಗಂಟೆ ಕಾಯಬೇಕು. ಸರ್ಕಾರದ ನಿಯಮದಿಂದಲೇ ತಂಗಿದವರಿಗೆ ಊಟದ ದಾರಿಯನ್ನೂ ಸರ್ಕಾರವೇ ತೋರಿಸಬೇಕಲ್ಲವೇ? ಕೃಷ್ಣರಾಜನಗರದಲ್ಲಿ ಭತ್ತದ ಕೊಯ್ಲಿನ ಯಂತ್ರಗಳ ಜೊತೆ ಹೊರಗಿನಿಂದ ಬರುವ ಚಾಲಕರದೂ ಹಾಸನದ ರಸ್ತೆಯ ಸರಕು ವಾಹನಗಳವರದೂ ಇದೇ ಪಾಡು.

ಹಾಗಾದರೆ ನಮ್ಮ ಪಟ್ಟಣಗಳಲ್ಲಿ ಹತ್ತರ ಮೇಲೆ ಏನೂ ಸಿಗುವುದಿಲ್ಲವೇ ಎಂದು ತಾವು ಕೇಳಬಹುದು. ಸಿಗುತ್ತದೆ. ಬಾರ್ ಅಂಡ್ ರೆಸ್ಟೋರೆಂಟಿನ ಬೋರ್ಡು ಉರಿಯುತ್ತಿರುತ್ತದೆ. ಬಾಣಂತಿ ಮಗಳನ್ನು ಆಸ್ಪತ್ರೆಯಿಂದ ಕರೆತರುವ ತಾಯಿ ಅಲ್ಲಿ ಕಾಲಿಡುವುದಿಲ್ಲ. ಇನ್ನು ಯಾವುದಾದರೂ ಮೂಲೆಯಲ್ಲಿ ಕದ್ದುಮುಚ್ಚಿ ನಡೆಯುವ ಎಗ್ ರೈಸ್, ಗೋಬಿ ಗಾಡಿ ಇರುತ್ತದೆ. ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು, ಒಳ್ಳೆಯದೇ ಆಯಿತು. ಆದರೆ ಕತ್ತಲಲ್ಲಿ ಹೆದರಿ ಹೆದರಿ ನಡೆಯುವ ಗಾಡಿಯ ಎಣ್ಣೆಯನ್ನು ಯಾವ ಆಹಾರ ಸುರಕ್ಷತಾಧಿಕಾರಿಯೂ ನೋಡಲಾರರು. ಬೆಳಕಿಗೆ ತಂದು ಪರವಾನಗಿ ಕೊಟ್ಟರಷ್ಟೇ ಅದು ತಪಾಸಣೆಗೆ ಸಿಗುತ್ತದೆ. ರಾತ್ರಿ ವ್ಯಾಪಾರ ಬೇಡವೆಂದು ಹೇಳುವವರು ಈ ಅಂಶವನ್ನು ಯೋಚಿಸಿದಂತೆ ಕಾಣುವುದಿಲ್ಲ.

ಮೈಸೂರಿನ ಮಾತಿಗೆ ಬರೋಣ. ಹುಣಸೂರಿನಿಂದ ಸುಮಾರು 45 ಕಿ.ಮೀ. ದೂರದ ಆ ನಗರ ನಮಗೆ ಪ್ರವಾಸದ ಊರಲ್ಲ, ಆಸ್ಪತ್ರೆಯ ಊರು. ತಾಲ್ಲೂಕು ಆಸ್ಪತ್ರೆಯಲ್ಲಿ ಚೀಟಿ ಬರೆದು ಕೆ.ಆರ್. ಆಸ್ಪತ್ರೆಗೋ, ಚೆಲುವಾಂಬಕ್ಕೋ, ಜಯದೇವಕ್ಕೋ ಕಳಿಸಿದರೆ ಆಂಬುಲೆನ್ಸ್ ತಲುಪುವ ಹೊತ್ತಿಗೆ ಹತ್ತು ದಾಟಿರುತ್ತದೆ. ಕೇಸ್ ಶೀಟು, ರಕ್ತ, ಸ್ಕ್ಯಾನು ಎಲ್ಲ ಮುಗಿಸಿ ಜೊತೆಗಿದ್ದವರು ಹೊರಗೆ ಬಂದಾಗ ಹೊಟ್ಟೆ ಇದೆಯೆಂಬುದು ನೆನಪಾಗುತ್ತದೆ. ಮೈಸೂರಿನಲ್ಲಿ ಒಳ್ಳೆಯ ಹೋಟೆಲುಗಳಿಗೆ ಬರವಿಲ್ಲ, ಮೈಲಾರಿ ದೋಸೆಯ ಹೆಸರು ಕೇಳದವರಿಲ್ಲ. ಆದರೆ ಅದು ಬೆಳಗಿನ ಹೆಸರು. ರಾತ್ರಿ ಹನ್ನೊಂದೂವರೆಗೆ ಯಾವ ಬೀದಿಯಲ್ಲಿ ಯಾರ ಒಲೆ ಉರಿಯುತ್ತಿದೆ ಎಂಬುದು ಆ ನಗರದಲ್ಲೇ ಬೆಳೆದವರಿಗೆ ಗೊತ್ತು, ಬೆಟ್ಟದಪುರದಿಂದ ಬಂದವರಿಗೆ ಗೊತ್ತಿಲ್ಲ. ಮೊಬೈಲಿನಲ್ಲಿ ತರಿಸಿಕೊಳ್ಳಿ ಎನ್ನುತ್ತಾರೆ. ವಿಳಾಸ ಕೇಳುವ ಆ್ಯಪಿಗೆ ವಾರ್ಡಿನ ಹೊರಗಿನ ಕಟ್ಟೆಯನ್ನು ಏನೆಂದು ಬರೆಯುವುದು? ಆಟೊದವರನ್ನು ಕೇಳಿಕೊಂಡು ಹೊರಟರೆ ಊಟಕ್ಕಿಂತ ಬಾಡಿಗೆಯೇ ಹೆಚ್ಚಾಗುತ್ತದೆ.

ಬಡವರ ಊಟಕ್ಕಾಗಿ 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್ ಮೈಸೂರಿಗೂ ಬಂತು. ಹತ್ತು ರೂಪಾಯಿಯ ಊಟ ದೊಡ್ಡ ಆಸರೆ ಎಂಬುದನ್ನು ಕೃತಜ್ಞತೆಯಿಂದ ಹೇಳುತ್ತೇವೆ. ಆದರೆ ಅಲ್ಲಿ ರಾತ್ರಿ ಊಟ ಒಂಬತ್ತರ ಸುಮಾರಿಗೆ ಮುಗಿದುಹೋಗುತ್ತದೆ. ಆಸ್ಪತ್ರೆಯ ಗಡಿಯಾರ ಹಾಗೆ ನಡೆಯುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಹೀಗಿವೆ.

ಮೊದಲನೆಯದು, ಮುಖ್ಯವಾದದ್ದು, ಸಣ್ಣ ಹೋಟೆಲುಗಳ ವಿಷಯ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961ರಡಿ 2021ರ ಜನವರಿಯಲ್ಲಿ ದಿನದ 24 ಗಂಟೆಯೂ ತೆರೆದಿರಲು ಅವಕಾಶ ಕೊಟ್ಟಾಗ ಇದ್ದ ಷರತ್ತು, ಕೆಲಸಗಾರರು ಹತ್ತು ಅಥವಾ ಅದಕ್ಕಿಂತ ಹೆಚ್ಚು ಇರಬೇಕೆಂಬುದು. ಗಂಡ ಒಲೆಯ ಮುಂದೆ, ಹೆಂಡತಿ ಗಲ್ಲಾಪೆಟ್ಟಿಗೆಯಲ್ಲಿ, ಎಲೆ ಎತ್ತಲು ಒಬ್ಬ ಹುಡುಗ. ಹೀಗೆ ನಡೆಯುವ ನಮ್ಮ ಮುದ್ದೆ ಹೋಟೆಲು, ಮಿಲಿಟ್ರಿ ಹೋಟೆಲು, ಮೆಸ್ಸುಗಳಲ್ಲಿ ಹತ್ತು ಜನ ಎಲ್ಲಿಂದ ಬರಬೇಕು? ಮಾಲು, ದೊಡ್ಡ ಮಳಿಗೆಗಳಿಗೆ ದಕ್ಕಿದ ಸವಲತ್ತು ಮುದ್ದೆ ತೊಳಸುವವರಿಗೆ ದಕ್ಕಿಲ್ಲ. ನಾಲ್ಕು ಪಟ್ಟಣಗಳಲ್ಲಿಯೂ ಬಿಳಿಕೆರೆ, ಕಂಪಲಾಪುರ, ಬೈಲಕುಪ್ಪೆ, ಹ್ಯಾಂಡ್ ಪೋಸ್ಟ್‌ಗಳಲ್ಲಿಯೂ ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಊಟದ ಹೋಟೆಲುಗಳಿಗೆ ರಾತ್ರಿ 1ರವರೆಗೆ ಅವಕಾಶ ಕೊಡುವಂತೆ ತಾವು ಕಾರ್ಮಿಕ ಇಲಾಖೆಗೆ ಶಿಫಾರಸು ಮಾಡಬೇಕು. ಆದೇಶ ಬರುವವರೆಗೆ, ಅನ್ನ ಬಡಿಸುತ್ತಿರುವಾಗಲೇ ಲಾಠಿ ತಟ್ಟಿ ಷಟರ್ ಎಳೆಸುವುದು ನಿಲ್ಲಬೇಕು. ಬಾಯಿಮಾತಿನ ಭರವಸೆ ಠಾಣೆಯ ಅಧಿಕಾರಿ ಬದಲಾದೊಡನೆ ಹೋಗಿಬಿಡುತ್ತದೆ, ಆದ್ದರಿಂದ ಇದು ಲಿಖಿತ ಸೂಚನೆಯಾಗಿಯೇ ಬೇಕು.

ಎರಡನೆಯದು ತಳ್ಳುಗಾಡಿಗಳದು. ಬೀದಿ ವ್ಯಾಪಾರಿಗಳ ರಕ್ಷಣೆಗಾಗಿ 2014ರಲ್ಲಿ ಕೇಂದ್ರ ಕಾಯ್ದೆ ಬಂದಿದೆ. ಪಟ್ಟಣ ಮಾರಾಟ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು ಎಂದು ಅದು ಹೇಳುತ್ತದೆ. ಆ ಸಮಿತಿಗಳ ಸಭೆ ಕರೆದು, ಬಸ್ ನಿಲ್ದಾಣ ಮತ್ತು ಸರ್ಕಾರಿ ಆಸ್ಪತ್ರೆಗಳ ಬಳಿ ರಾತ್ರಿ ಆಹಾರ ವಲಯ ಗುರುತಿಸಬೇಕು. ಅಲ್ಲಿ ಬೀದಿದೀಪ, ನಲ್ಲಿ ನೀರು, ಶೌಚಾಲಯ ಮೂರೂ ಇರಬೇಕು. ಶೌಚಾಲಯವಿಲ್ಲದ ಕಡೆ ಹೆಂಗಸರು ರಾತ್ರಿ ಗಾಡಿ ಇಡಲಾರರು. ಹೆಗ್ಗಡದೇವನಕೋಟೆಯ ಆದಿವಾಸಿಗಳು ದಸರಾ ಆಹಾರ ಮೇಳದಲ್ಲಿ ಬಂಬೂ ಬಿರಿಯಾನಿ ಮಾಡಿ ಮೈಸೂರಿನವರನ್ನು ಸಾಲು ನಿಲ್ಲಿಸುತ್ತಾರೆ. ಮೇಳ ಮುಗಿದೊಡನೆ ಆ ಕೈಗಳಿಗೆ ಕೆಲಸವಿಲ್ಲ. ಅವರದೇ ತಾಲ್ಲೂಕು ಕೇಂದ್ರದಲ್ಲಿ ಅವರಿಗೊಂದು ಜಾಗ ಕಾದಿರಿಸುವುದು ಕಷ್ಟದ ಕೆಲಸವಲ್ಲ.

ಮೂರನೆಯದಾಗಿ, ಮೈಸೂರಿನ ಸರ್ಕಾರಿ ಆಸ್ಪತ್ರೆಗಳಿಗೆ ಸಮೀಪದ ಇಂದಿರಾ ಕ್ಯಾಂಟೀನಿನಲ್ಲಿ ರಾತ್ರಿ 10ರಿಂದ 12ರವರೆಗೆ ಇನ್ನೊಂದು ಸರದಿ ಊಟ ಕೊಡಬೇಕು, ಅನ್ನ ಸಾಂಬಾರೇ ಸಾಕು. ಜೊತೆಗೆ, ತಡರಾತ್ರಿ ತೆರೆದಿರುವ ಹೋಟೆಲುಗಳ ಪಟ್ಟಿಯನ್ನು ಪಾಲಿಕೆಯವರು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಿ ಆಸ್ಪತ್ರೆಗಳ ಹೆಬ್ಬಾಗಿಲಲ್ಲಿ ಮತ್ತು ಗ್ರಾಮಾಂತರ ಬಸ್ ನಿಲ್ದಾಣದಲ್ಲಿ ಹಾಕಬೇಕು. ನಡೆದು ಹೋಗುವ ದಾರಿ, ಮುಚ್ಚುವ ಹೊತ್ತು, ಊಟದ ಬೆಲೆ ಅದರಲ್ಲಿರಲಿ. ಹಳೆಯ ಪಟ್ಟಿ ಜನರನ್ನು ಸುಮ್ಮನೆ ಅಲೆಸುತ್ತದೆ, ಅದನ್ನು ಆಗಾಗ ತಿದ್ದುತ್ತಿರಬೇಕು.

ನಾಲ್ಕನೆಯದಾಗಿ, ಪಶ್ಚಿಮವಾಹಿನಿಯಿಂದ ಗುಡ್ಡೆಹೊಸೂರಿನವರೆಗಿನ ಸುಮಾರು 92 ಕಿ.ಮೀ. ಹೊಸ ಚತುಷ್ಪಥ ಹೆದ್ದಾರಿಯ ವಿಷಯ. ಬೆಂಗಳೂರು–ಮೈಸೂರು ರಸ್ತೆ 2023ರಲ್ಲಿ ತೆರೆದಾಗ ಬಿಡದಿಯ ತಟ್ಟೆ ಇಡ್ಲಿಯವರೂ ಮದ್ದೂರಿನ ವಡೆಯವರೂ ಗಿರಾಕಿಗಳು ಬೈಪಾಸಿನಲ್ಲಿ ಹಾದುಹೋಗುವುದನ್ನು ನೋಡುತ್ತ ಕುಳಿತರು. ನಮ್ಮೂರುಗಳಿಗೆ ಆ ಗತಿ ಬರುವ ಮುನ್ನವೇ, ಹೊಸ ರಸ್ತೆಯ ವಿಶ್ರಾಂತಿ ತಾಣಗಳಲ್ಲಿ ಸ್ಥಳೀಯ ಮಹಿಳಾ ಸ್ವಸಹಾಯ ಸಂಘಗಳಿಗೆ ಮಳಿಗೆ ಮೀಸಲಿಡುವಂತೆ ಹೆದ್ದಾರಿ ಪ್ರಾಧಿಕಾರಕ್ಕೆ ಈಗಲೇ ಪತ್ರ ಬರೆಯಬೇಕು.

ನಾವು ಕೇಳದಿರುವುದನ್ನೂ ದಾಖಲಿಸುತ್ತೇವೆ. ಮದ್ಯದ ಅವಧಿ ಒಂದು ನಿಮಿಷವೂ ಹೆಚ್ಚಬಾರದು. ಅಂತರಸಂತೆಯಿಂದಾಚೆ ಕಾಡಂಚಿನಲ್ಲಿ ರಾತ್ರಿ ಗಾಡಿ ಬೇಡ, ಎಸೆದ ಅನ್ನಕ್ಕೆ ಕಾಡುಪ್ರಾಣಿ ಬರುತ್ತದೆ. ಹೋಟೆಲಿನ ಹುಡುಗರನ್ನು ಬೆಳಿಗ್ಗೆಯಿಂದ ನಡುರಾತ್ರಿವರೆಗೆ ದುಡಿಸಿಕೊಳ್ಳುವ ಮಾಲೀಕರಿಗೆ ಈ ರಿಯಾಯಿತಿ ಸಿಗಬಾರದು. ಈ ಕೊನೆಯ ಮಾತಿಗೆ ನಮ್ಮಲ್ಲೇ ಕೆಲವು ಹೋಟೆಲಿನವರು ಗೊಣಗಿದರು. ಆದರೂ ಬರೆದಿದ್ದೇವೆ.

ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ರಾತ್ರಿಯೆಲ್ಲ ಒಲೆ ಉರಿಯುತ್ತದೆ, ಪೊಲೀಸರೂ ಅಲ್ಲೇ ಟೀ ಕುಡಿಯುತ್ತಾರೆ, ಆಡಳಿತವೇ ನಿಂತು ನಡೆಸುತ್ತದೆ. ಆ ಅನುಭವವಿರುವ ಜಿಲ್ಲೆಗೆ ಇದು ಹೊಸ ಪಾಠವೇನಲ್ಲ.

ಈ ಸಾಲಿನ ತಂಬಾಕು ಹರಾಜು ಆರಂಭವಾಗುವ ಮೊದಲು, ಹುಣಸೂರಿನ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ಪೊಲೀಸ್, ಕಾರ್ಮಿಕ, ಆಹಾರ ಸುರಕ್ಷತೆ ಇಲಾಖೆಗಳು ಮತ್ತು ನಾಲ್ಕು ಸ್ಥಳೀಯ ಸಂಸ್ಥೆಗಳ ಅಧಿಕಾರಿಗಳ ಸಭೆ ಕರೆಯಬೇಕೆಂದೂ, ಆ ಸಭೆಗೆ ಚಾಲಕರು, ಬೆಳೆಗಾರರು ಮತ್ತು ಗಾಡಿ ವ್ಯಾಪಾರಿಗಳ ಪ್ರತಿನಿಧಿಗಳನ್ನು ಕರೆಯಬೇಕೆಂದೂ, ಸಭೆಯ ನಡವಳಿಯ ಪ್ರತಿಯನ್ನು ನಮಗೆ ಒದಗಿಸಬೇಕೆಂದೂ ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ನಾಗರಿಕರು
(ಸಹಿಗಳನ್ನು ಲಗತ್ತಿಸಿದೆ)

ಪ್ರತಿಗಳು:
ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು, ಮೈಸೂರು
ಆಯುಕ್ತರು, ಮಹಾನಗರ ಪಾಲಿಕೆ, ಮೈಸೂರು
ಪೌರಾಯುಕ್ತರು, ನಗರಸಭೆ, ಹುಣಸೂರು
ಮುಖ್ಯಾಧಿಕಾರಿಗಳು, ಪುರಸಭೆ, ಪಿರಿಯಾಪಟ್ಟಣ / ಕೃಷ್ಣರಾಜನಗರ / ಹೆಗ್ಗಡದೇವನಕೋಟೆ