ಕೇಳದ ಬೇಸು, ಕೇಳದ ಸೊಸಿ

ಹೋದ ರವಿವಾರ ನಮ್ಮನ್ಯಾಗ ನನ್ನ ಮಗಾ ಮತ್ತ ನಮ್ಮಣ್ಣನ ಮಗಾ ಗಿಟಾರ್ ಆಂಪಿನ ಸಲವಾಗಿ ಜಗಳಕ್ಕ ಬಿದ್ದಿದ್ರು. ತಮ್ಮ ಬ್ಯಾಂಡಿನ ಮೆಟಲ್ ಹಾಡು ರೆಕಾರ್ಡ್ ಮಾಡಬೇಕಂತ. ಒಬ್ಬಂವ ಮಾರ್ಷಲ್ ಅಂತಾನ, ಇನ್ನೊಬ್ಬಂವ ಮೇಸಾ ಬೂಗಿ ಅಂತಾನ. ನಾ ಮಾಡಿಟ್ಟ ಭಕ್ರಿ ಆರಿ ತಣ್ಣಗಾದ್ವು, ಜಗಳ ಆರಲಿಲ್ಲ.

ಆಂಪ್ ಅಂದ್ರ ಏನ್ವಾ ಅಂತೀರಿ? ಎಲೆಕ್ಟ್ರಿಕ್ ಗಿಟಾರಿನ ತಂತಿ ದನಿ ತಾನಾಗೇ ಭಾಳ ಸಣ್ಣದು. ಅದನ್ನ ದೊಡ್ಡದು ಮಾಡೋ ಡಬ್ಬಿ. ಮೆಟಲ್‌ದಾಗ ಆ ದನಿ ಬೇಕಂತನ ಒಡಸ್ತಾರ, ಗರಗರ ಅನಸ್ತಾರ. ತಳದ ದನಿ, ನಡುವಿನ ದನಿ, ಮ್ಯಾಲಿನ ದನಿ, ಮೂರನ್ನೂ ಬ್ಯಾರೆಬ್ಯಾರೆ ಏರಸೂದು ಇಳಸೂದು ಮಾಡ್ಬಹುದು.

ಇವರ ಸಲವಾಗಿ ನಾನೂ ಕೂತು ಮೆಟಾಲಿಕಾದ ಎರಡು ಆಲ್ಬಮ್ ಕೇಳಿದೆ. 1986ರ 'ಮಾಸ್ಟರ್ ಆಫ್ ಪಪೆಟ್ಸ್'ದಾಗ ಕ್ಲಿಫ್ ಬರ್ಟನ್ನನ ಬೇಸ್ ಚಂದಾಗಿ ಕೇಳ್ತದ. ಅದೇ ವರ್ಷ ಸೆಪ್ಟೆಂಬರದಾಗ ಸ್ವೀಡನ್ನಿನಾಗ ಬಸ್ಸು ಉರುಳಿ ಅಂವ ತೀರಿಕೊಂಡ. ಬರೇ 24 ವರ್ಷದ ಹುಡುಗ. ಅವನ ಜಾಗಾಕ್ಕ ಜೇಸನ್ ನ್ಯೂಸ್ಟೆಡ್ ಬಂದ. 1988ರಾಗ 'ಆಂಡ್ ಜಸ್ಟಿಸ್ ಫಾರ್ ಆಲ್' ಬಂತು. ಅದರಾಗ ಬೇಸ್ ಹುಡುಕಿದ್ರೂ ಸಿಗಂಗಿಲ್ಲ!

ಗಿಟಾರಿನ ನಡುವಿನ ದನಿ ತಗದು ತಳಾ ತುಂಬಿಸಿಬಿಟ್ಟಾರ. ಬೇಸ್ ನಿಲ್ಲೋ ಜಾಗಾನೂ ಅದ. ಅದರ ಮ್ಯಾಲೆ ಗಿಟಾರ್ ಹೋದಲ್ಲೇ ಬೇಸೂ ಹೋಗ್ತದ, ಹಿಂಗಾಗಿ ಬ್ಯಾರೆ ಗುರುತು ಸಿಗಂಗಿಲ್ಲ. ಇಷ್ಟಾದ್ರ ಆಂಪಿನ ತಪ್ಪು ಅನಬಹುದಿತ್ತು. ಆದ್ರ ಬೇಸ್ ಇಳಸ್ರಿ, ಇನ್ನೂ ಇಳಸ್ರಿ ಅಂತ ಡ್ರಮ್ ಬಾರಿಸೋ ಲಾರ್ಸ್ ಉಲ್ರಿಕ್ ಹೇಳಿದ್ದ ಅಂತ, ಮಿಕ್ಸಿಂಗ್ ಮಾಡಿದವರಾಗ ಒಬ್ಬನಾದ ಸ್ಟೀವ್ ಥಾಂಪ್ಸನ್ ಆಮ್ಯಾಲೆ ಹೇಳ್ಯಾನ.

ನನ್ನ ಮಗಾ ಅಂದ, "ಅವ್ವಾ, ಆ ಒಣಾ ದನಿನೇ ಆ ಆಲ್ಬಮ್ಮಿನ ಚಂದ. 2018ರಾಗ ಮತ್ತ ಹೊರಗ ತಂದಾಗೂ ಅವರು ಬೇಸ್ ಏರಸ್ಲಿಲ್ಲ." ಇರಬಹುದಪ್ಪಾ. ಹಾಡು ಚಲೋ ಅವ, ನಾ ಇಲ್ಲ ಅನ್ನಂಗಿಲ್ಲ. ಜೀವದ ಗೆಳ್ಯಾನ್ನ ಕಳಕೊಂಡ ಮನಿ, ಹೊಸಬನ್ನ ಒಪ್ಪೋದು ಕಷ್ಟ, ಅದೂ ತಿಳೀತದ. ಆದ್ರ ಆ ಹೊಸಬಂದೇನು ತಪ್ಪು?

ನಮ್ಮ ಸಣ್ಣತ್ತಿ ಎರಡನೇ ಸಂಬಂಧಕ್ಕ ಬಂದಾಕಿ, ನಿಮಗೆಲ್ಲಾ ಗೊತ್ತದ. ಅಕಿ ಸಾರು ಮಾಡಿದ್ರ "ಮೊದಲಿನಾಕಿ ಹಿಂಗ ಮಾಡ್ತಿದ್ದಿಲ್ಲ" ಅಂತಿದ್ರು. ಮಾತಾಡಿದ್ರ ಯಾರೂ ಹೊಳ್ಳಿ ನೋಡ್ತಿದ್ದಿಲ್ಲ. ಆದ್ರ ಮುಂಜಾನೆ ಐದಕ್ಕ ಒಲಿ ಹಚ್ಚಾಕಿ ಅಕಿನೇ. ಮನಿ ತಳಾ ಹಿಡದು ನಿಂತಾಕಿ ಅಕಿ, ದನಿ ಮಾತ್ರ ಇಳಿಸಿಟ್ಟಿದ್ರು. ನ್ಯೂಸ್ಟೆಡ್ಡನೂ 2001ರ ತನಕ ಅದೇ ಬ್ಯಾಂಡಿನಾಗ ದುಡದಾ.

ಅದಕ್ಕ ನಾ ಅನ್ನೋದು, ಆಂಪ್ ಯಾವುದರ ಇರ್ಲಿ, ಯಾರ ದನಿ ಎಷ್ಟು ಕೇಳಬೇಕು ಅನ್ನೋದು ಮಿಕ್ಸಿಂಗಿಗೆ ಕೂತವರ ಕೈಯಾಗದ. ಅಲ್ಲಿ ಮಾಡಿದ ಅನ್ಯಾಯ ಎಷ್ಟು ತುಟ್ಟಿ ಡಬ್ಬಿ ತಂದ್ರೂ ಸರಿಹೋಗಂಗಿಲ್ಲ.

ಇವರ ಬ್ಯಾಂಡಿನಾಗೂ ಬೇಸ್ ನುಡಸೋ ಹುಡುಗ ಹೊಸಬನ. ಜಗಳದ ಹೊತ್ತಿನಾಗ ಮೂಲ್ಯಾಗ ಕೂತು ಭಕ್ರಿ ತಿಂದ, ಒಂದು ಮಾತಾಡ್ಲಿಲ್ಲ. ಯಾರೂ ಕೇಳ್ಲೂ ಇಲ್ಲ. ನಾನೇ ಕೇಳಿದೆ, "ನೀ ಏನಂತೀಯೋ ತಮ್ಮಾ?" ಅಂವ ಮೆಲ್ಲಕ ಅಂದ, "ಗಿಟಾರಿನ ತಳಾ ಒಂಚೂರು ಕಡಿಮಿ ಮಾಡಿ ನಡುವಿನ ದನಿ ಇಟ್ರ ಸಾಕ್ರಿ ಕಾಕು. ಗಿಟಾರ್ ಒಂದ ಕೇಳಿದ್ರ ಬಡಕಲು ಅನಸ್ತದ, ಬೇಸ್ ಕೂಡಿದ್ರ ಮೈ ತುಂಬ್ತದ."

ಹಂಗ ಮಾಡಿ ನೋಡಿದ್ರು. ಮೈ ತುಂಬ್ತು. ಆಂಪ್ ಮಾತ್ರ ಮನ್ಯಾಗಿದ್ದ ಹಳೇದ.