ಮಳೆಗಾಡಿನ ಕಾವಲು ಶಿಬಿರಗಳು

ಆಷಾಢದ ಮಳೆ ನಾಲ್ಕು ದಿನ ಹೆಚ್ಚಾಗಿ ಹಿಡಿದರೆ, ಚನ್ನಗಿರಿ ತಾಲೂಕಿನ ನಲ್ಲೂರಿನ ಅಡಿಕೆ ತೋಟಗಳಿಗೆ ಕೊಳೆರೋಗ ತಗುಲೀತೆಂಬ ಭಯದಿಂದ ಬೋರ್ಡೋ ದ್ರಾವಣವನ್ನು ಸಿದ್ಧಪಡಿಸಿಕೊಳ್ಳುವ ನಾವು, ಅದೇ ಮೋಡಗಳು ನಮ್ಮ ನೈಋತ್ಯಕ್ಕಿರುವ ಭದ್ರಾ ಅರಣ್ಯದ ಮೇಲೆ ವಾರಗಟ್ಟಲೆ ಎಡೆಬಿಡದೆ ಸುರಿಯುತ್ತಿರುವಾಗ, ಆ ಮಳೆಯಲ್ಲಿ ನಡೆಯುತ್ತಿರುವವರು ಯಾರೆಂಬುದನ್ನು ಆಲೋಚಿಸುವುದು ವಿರಳ. ಲಕ್ಕವಳ್ಳಿಯ ಜಲಾಶಯ 186 ಅಡಿಯ ಪೂರ್ಣಮಟ್ಟವನ್ನು ಮುಟ್ಟಿತೇ ಎಂದು ಪ್ರತಿ ಬೆಳಗೂ ಪತ್ರಿಕೆಯಲ್ಲಿ ಹುಡುಕುತ್ತೇವೆ. ಚನ್ನಗಿರಿ ಸೀಮೆಯ ಅಚ್ಚುಕಟ್ಟಿನ ಗದ್ದೆ ತೋಟಗಳ ಭಾಗ್ಯ ಆ ಅಂಕಿಯಲ್ಲಿದೆ. ಆದರೆ ಆ ನೀರನ್ನು ಹಿಡಿದಿಟ್ಟು ಕಳುಹಿಸುವ ಕಾಡನ್ನು ಕಾಯುವವರ ವಿಷಯ ಯಾವ ಅಂಕಿಯಲ್ಲಿಯೂ ಕಾಣದು.

1951ರಲ್ಲಿ ಜಾಗರ ಕಣಿವೆಯ ಅಭಯಾರಣ್ಯವೆಂದು ಮೊದಲಾಗಿ, 1998ರಲ್ಲಿ ಹುಲಿ ಯೋಜನೆಗೆ ಸೇರಿದ ಈ ಅರಣ್ಯದೊಳಗೆ ಅಲ್ಲಲ್ಲಿ ಕಳ್ಳಬೇಟೆ ತಡೆ ಶಿಬಿರಗಳಿವೆ. ಆನೆ ಬಾರದಂತೆ ಸುತ್ತ ತೋಡಿದ ಕಂದಕ, ಒಂದೆರಡು ಕೋಣೆ, ಒಂದು ಒಲೆ, ಬಿಸಿಲಿದ್ದರೆ ಮಾತ್ರ ಉರಿಯುವ ಸೌರದೀಪ, ಒಂದು ವೈರ್‌ಲೆಸ್: ಅಲ್ಲಿನ ಸಂಸಾರ ಬಹುಮಟ್ಟಿಗೆ ಇಷ್ಟೇ. ಬೇಸಗೆಯಲ್ಲಿ ಜೀಪು ಹೋಗುವ ದಾರಿಗಳು ಮುಂಗಾರು ಬಲಿತೊಡನೆ ಕೆಸರಾಗಿ, ಹಳ್ಳಗಳು ಉಕ್ಕಿ, ಒಂದು ಶಿಬಿರದಿಂದ ಮತ್ತೊಂದಕ್ಕೆ ಕಾಲುನಡಿಗೆಯೊಂದೇ ಉಳಿಯುತ್ತದೆ. ಮಳೆಯ ಸದ್ದಿನಲ್ಲಿ ಗುಂಡಿನ ಸದ್ದು ಅಡಗುವುದನ್ನೂ, ಹೆಜ್ಜೆಯ ಗುರುತು ಗಳಿಗೆಯಲ್ಲಿ ತೊಳೆದುಹೋಗುವುದನ್ನೂ ಕಳ್ಳಬೇಟೆಗಾರನು ಚೆನ್ನಾಗಿ ಬಲ್ಲನಾದ್ದರಿಂದ, ಪ್ರವಾಸಿಗರು ಕಡಿಮೆಯಾಗುವ ಆ ತಿಂಗಳುಗಳಲ್ಲಿಯೇ ಗಸ್ತು ತಪ್ಪಕೂಡದು. ಸುಣ್ಣ ಬೆರೆಸಿದ ಹೊಗೆಸೊಪ್ಪನ್ನು ಕಾಲಿಗೆ ಸವರಿದರೂ ಬಿಡದ ಇಂಬಳಗಳು, ಮಂಜಿನಲ್ಲಿ ಹತ್ತು ಮಾರು ದೂರಕ್ಕೂ ಕಾಣದೆ ನಿಂತಿರಬಹುದಾದ ಆನೆ, ಜಾರುವ ಬಂಡೆ, ಬೆನ್ನ ಮೇಲಿನ ಅಕ್ಕಿ ಬೇಳೆಯ ಭಾರ. ಇಷ್ಟನ್ನೂ ದಾಟಿ ಸಂಜೆಗೆ ಮುಂದಿನ ಶಿಬಿರವನ್ನು ಸೇರಿದವನಿಗೆ ಬೇಕಾದುದು ಒಣಗಿದ ಸೌದೆ, ಒಣಗಿದ ಬಟ್ಟೆ, ಸೋರದ ಸೂರು. ಈ ಮೂರೂ ಇದ್ದರೆ ಮರುದಿನದ ನಡಿಗೆ ಸಾಧ್ಯ, ಇಲ್ಲದಿದ್ದರೆ ಜ್ವರ.

ಕಾವಲಿಗಾಗಿ ಮಾತ್ರವಲ್ಲ, ವಿಹಾರಕ್ಕಾಗಿಯೂ ಜನ ಘಟ್ಟದ ಕಾಡುಗಳಲ್ಲಿ ನಡೆಯುತ್ತಾರೆ; ನಮ್ಮ ತರುಣರಲ್ಲಿ ಚಾರಣದ ಉತ್ಸಾಹ ಬೆಳೆದಿರುವುದು ಸಂತೋಷದ ಸಂಗತಿಯೇ. ಆದರೆ 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ನೆರೆದ ಜನಜಂಗುಳಿಯನ್ನು ಕಂಡು, ಆನ್‌ಲೈನ್ ನೋಂದಣಿಯಿಲ್ಲದೆ ಚಾರಣಕ್ಕೆ ಬಿಡುವುದಿಲ್ಲವೆಂದು ಸರ್ಕಾರ ಕಟ್ಟುಮಾಡಬೇಕಾಯಿತು. ನ್ಯೂಜಿಲೆಂಡಿನಂತೆ ನಮ್ಮ ಘಟ್ಟಗಳಲ್ಲಿಯೂ ಚಾರಣಿಗರಿಗಾಗಿ ಬೆಟ್ಟದ ಗುಡಿಸಲುಗಳನ್ನು ಕಟ್ಟಬೇಕೆಂದು ಹೇಳುವವರಿದ್ದಾರೆ. ಆ ದೇಶದಲ್ಲಿ ಸರ್ಕಾರದ ಸಂರಕ್ಷಣಾ ಇಲಾಖೆ 900ಕ್ಕೂ ಹೆಚ್ಚು ಗುಡಿಸಲುಗಳನ್ನು ನೋಡಿಕೊಳ್ಳುತ್ತಿರುವುದು ನಿಜ. ಆದರೆ ಅವುಗಳಲ್ಲಿ ಅನೇಕವು ಮೊದಲು ಕಟ್ಟಲ್ಪಟ್ಟುದು ವಿಹಾರಿಗಳಿಗಾಗಿ ಅಲ್ಲ, ಹೊರಗಿನಿಂದ ತಂದು ಬಿಟ್ಟು ಮಿತಿಮೀರಿದ ಜಿಂಕೆಗಳನ್ನು ನಿಯಂತ್ರಿಸಲು ಮಳೆಯಲ್ಲಿ ತಿಂಗಳುಗಟ್ಟಲೆ ಕಾಡಿನಲ್ಲಿರುತ್ತಿದ್ದ ಸರ್ಕಾರಿ ಕೆಲಸಗಾರರಿಗಾಗಿ. ದುಡಿಯುವವನಿಗೆ ಸೂರು ಮೊದಲು ದೊರೆಯಿತು, ವಿಹಾರಿಗೆ ಆಮೇಲೆ. ಆ ದೇಶದಿಂದ ಅನುಕರಿಸತಕ್ಕದ್ದು ಏನಾದರೂ ಇದ್ದರೆ ಅದು ಈ ಕ್ರಮವೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳು 563 ಎಂದು ತಿಳಿದಾಗ ನಾವೆಲ್ಲರೂ ಹೆಮ್ಮೆಪಟ್ಟೆವು. ಆ ಹೆಮ್ಮೆಯ ಅರ್ಧಕ್ಕಿಂತ ಹೆಚ್ಚು ಪಾಲು ಸಲ್ಲಬೇಕಾದುದು ದಿನಗೂಲಿಯ ಮೇಲೆಯೋ ಹೊರಗುತ್ತಿಗೆಯ ಮೇಲೆಯೋ ಇಂಥ ಶಿಬಿರಗಳಲ್ಲಿ ಕಾವಲು ದುಡಿಯುತ್ತಿರುವ ವಾಚರುಗಳಿಗೆ. ಅವರಲ್ಲಿ ಬಹುಮಂದಿ ಕಾಡಂಚಿನ ಹಳ್ಳಿಗಳವರು, ಹಾಡಿಗಳವರು. ಅವರಿಗೆ ಪ್ರಶಸ್ತಿಪತ್ರ ಕೊಟ್ಟರೆ ಸಾಲದು. ಮೇ ತಿಂಗಳು ಮುಗಿಯುವುದರೊಳಗಾಗಿ ಪ್ರತಿ ಶಿಬಿರದ ಮಾಡು ದುರಸ್ತಿಯಾಗಬೇಕು, ಸೌದೆ ಮತ್ತು ದಿನಸಿ ಒಳಸೇರಬೇಕು, ಗಂಬೂಟು, ಮಳೆಯಂಗಿ, ಕಂಬಳಿಗಳು ಕೈಸೇರಬೇಕು. ತಿಂಗಳ ಕೂಲಿ ತಿಂಗಳಿಗೆ ಸಲ್ಲಬೇಕು. ಆನೆಯ ತುಳಿತಕ್ಕೋ ಹಳ್ಳದ ಸೆಳವಿಗೋ ಸಿಕ್ಕವನ ಮನೆಯವರು ಪರಿಹಾರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವಂತಾಗಬಾರದು.

ಭದ್ರೆಯ ನೀರುಂಡ ಚನ್ನಗಿರಿ ತಾಲೂಕಿನ ರೈತರು ಕಾಲುವೆಗೆ ನೀರು ಬಿಡಿರೆಂದು ಕೇಳಲು ಹೋಗುವಾಗ, ಅದೇ ಮನವಿಯಲ್ಲಿ ಕಾಡು ಕಾಯುವವರ ಈ ಬೇಡಿಕೆಯನ್ನೂ ಒಂದು ಸಾಲಾಗಿ ಸೇರಿಸಬೇಕೆಂದು ವಿನಂತಿಸುತ್ತೇನೆ.