ಚಳಿಗಾಲದ ಬೆಟ್ಟಕ್ಕೆ ಪಿಸ್ತೂಲೇಕೆ?

ವಿಕ್ಲೋ ಬೆಟ್ಟಗಳಿಗೆ ಚಳಿಗಾಲದ ಚಾರಣಕ್ಕೆ ಹೋಗುವವರ ಬೆನ್ನುಚೀಲದಲ್ಲಿ ಒಂದು ಪಿಸ್ತೂಲಿರಬೇಕು, ಆ ಹಕ್ಕನ್ನು ಐರಿಷ್ ಕಾನೂನು ಕೊಡಬೇಕು ಎಂಬ ಮಾತು ಐರ್ಲೆಂಡಿನ ಕನ್ನಡಿಗರ ಹರಟೆಗಳಲ್ಲಿ ಆಗೀಗ ಕೇಳಿಬರುತ್ತದೆ. ಮಾತು ಹುಟ್ಟಿದ್ದು ಐರ್ಲೆಂಡಿನಲ್ಲಲ್ಲ. ಟೆಕ್ಸಾಸಿನಲ್ಲೋ ಕೊಲರಾಡೋದಲ್ಲೋ ಇರುವ ಭಾವಮೈದುನನೊಬ್ಬ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಹಿಮದ ಕಾಡಿನಲ್ಲಿ ನಿಂತ ಫೋಟೋ ಕಳುಹಿಸುತ್ತಾನೆ. ಡಬ್ಲಿನ್ನಿನ ಮನೆಯಲ್ಲಿ ಅದು ಕೈಯಿಂದ ಕೈಗೆ ಹೋಗುತ್ತದೆ. 'ಇಲ್ಲೂ ಹೀಗಿದ್ದಿದ್ದರೆ' ಎಂದು ಯಾರೋ ನಿಟ್ಟುಸಿರಿಡುತ್ತಾರೆ. ಕೆಲವು ವರ್ಷಗಳ ಹಿಂದಾಗಿದ್ದರೆ ಇದನ್ನು ನಕ್ಕು ಬಿಡಬಹುದಿತ್ತು. 2025ರ ಬೇಸಿಗೆಯ ನಂತರ ಹಾಗೆ ನಗುವಂತಿಲ್ಲ. ಮಾತಿನ ಹಿಂದಿರುವ ಭಯ ನಿಜವಾದದ್ದು. ಭಯ ನಿಜವಾದ ಮಾತ್ರಕ್ಕೆ ಅದು ಕೇಳುವ ಮದ್ದೂ ಸರಿಯಾದದ್ದೆಂದು ಒಪ್ಪಬೇಕಾಗಿಲ್ಲ.

ಮೊದಲು ಬೆಟ್ಟವನ್ನೇ ನೋಡಬೇಕು. ಐರ್ಲೆಂಡಿನ ಕಾಡುಮೇಡುಗಳಲ್ಲಿ ಮನುಷ್ಯನ ಮೇಲೆ ಬೀಳುವ ಮೃಗವಿಲ್ಲ. ಕರಡಿಗಳು ಅಳಿದು ಸಾವಿರಾರು ವರ್ಷಗಳಾದವು. ಕೊನೆಯ ತೋಳವನ್ನು 1786ರ ಸುಮಾರಿಗೆ ಕಾರ್ಲೋ ಕೌಂಟಿಯ ಮೌಂಟ್ ಲೆನ್‌ಸ್ಟರ್ ಬಳಿ ಕೊಂದರೆಂದು ಪ್ರತೀತಿ. ನಾಗರಪಂಚಮಿಗೆ ಹಾಲೆರೆಯೋಣವೆಂದರೆ ಈ ದ್ವೀಪದ ಕಾಡಿನಲ್ಲಿ ಒಂದು ಹಾವೂ ಇಲ್ಲ. ಇರುವುದು ಕುರಿ, ಜಿಂಕೆ, ಜೌಗು, ಮಂಜು. 925 ಮೀಟರ್ ಎತ್ತರದ ಲಗ್ನಕ್ವಿಲಾ ಶಿಖರದ ನೆತ್ತಿ ಮೈದಾನದಂತೆ ಚಪ್ಪಟೆ. ಅದರ ಎರಡು ಅಂಚುಗಳಲ್ಲಿ ಕಡಿದಾದ ಪ್ರಪಾತಗಳು. ಸ್ಥಳೀಯರು ಅವುಗಳಿಗೆ ನಾರ್ತ್ ಪ್ರಿಸನ್, ಸೌತ್ ಪ್ರಿಸನ್ ಎಂದು ಹೆಸರಿಟ್ಟಿದ್ದಾರೆ, ಉತ್ತರದ ಸೆರೆಮನೆ, ದಕ್ಷಿಣದ ಸೆರೆಮನೆ. ಮಂಜು ಕವಿದಾಗ ದಿಕ್ಸೂಚಿ ಓದಲು ಬಾರದವನು ಈ ಎರಡರಲ್ಲಿ ಒಂದರ ಕಡೆಗೆ ನಡೆಯುವ ಸಾಧ್ಯತೆಯೇ ಹೆಚ್ಚು. ಡಿಸೆಂಬರಿನ ನಡುವೆ ಡಬ್ಲಿನ್ನಿನಲ್ಲಿ ಸೂರ್ಯ ಮುಳುಗುವುದು ಸಂಜೆ ನಾಲ್ಕು ದಾಟಿದ ಕೆಲವೇ ನಿಮಿಷಗಳಿಗೆ. ಬೆಂಗಳೂರಿನ ಅಭ್ಯಾಸದಂತೆ ಹನ್ನೊಂದಕ್ಕೆ ತಿಂಡಿ ಮುಗಿಸಿ ಹೊರಟ ಕುಟುಂಬ ಶಿಖರ ಮುಟ್ಟುವ ಹೊತ್ತಿಗೆ ಇಳಿಯಲು ಬೆಳಕು ಉಳಿದಿರುವುದಿಲ್ಲ.

ಈ ಬೆಟ್ಟಗಳಲ್ಲಿ ಚಳಿಗಾಲದ ಅಪಾಯವೆಂದರೆ ಜಾರುವುದು, ದಾರಿ ತಪ್ಪುವುದು, ನೆನೆದ ಬಟ್ಟೆಯಲ್ಲಿ ಗಾಳಿಗೆ ಸಿಕ್ಕಿ ಮೈಬಿಸಿ ಇಳಿಯುವುದು. ಮೈಬಿಸಿ ಇಳಿದವನ ಬೆರಳು ಮರಗಟ್ಟುತ್ತದೆ, ಬುದ್ಧಿ ಮಂಕಾಗುತ್ತದೆ, ಸರಿ ತಪ್ಪಿನ ಅಳತೆ ಕೆಡುತ್ತದೆ. ಆ ಸ್ಥಿತಿಯಲ್ಲಿ ಗುಂಡು ತುಂಬಿದ ಪಿಸ್ತೂಲು ಯಾರ ಕೈಯಲ್ಲಿರಬೇಕೆಂದು ಈ ವಾದ ಬಯಸುತ್ತದೆ? ತೋಟಾ ತುಂಬಿದ ಪಿಸ್ತೂಲಿನ ತೂಕ ಹೆಚ್ಚುಕಡಿಮೆ ಒಂದು ಕಿಲೋ. ಅದೇ ತೂಕದಲ್ಲಿ ತಲೆದೀಪ, ಒಂದು ಒಣ ಉಣ್ಣೆಯಂಗಿ, ನಕಾಶೆ, ದಿಕ್ಸೂಚಿ, ಸೀಟಿ ಎಲ್ಲವೂ ಹಿಡಿಸುತ್ತವೆ. ಸಂಕಟದಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಸಹಾಯ ಕೇಳಬಹುದೆಂದು ಅಮೆರಿಕದ ಮಾತನ್ನು ಇಲ್ಲಿ ಒಪ್ಪಿಸುವವರಿದ್ದಾರೆ. ಜಿಂಕೆ ಬೇಟೆಯ ಋತುವಿನಲ್ಲಿ ಬೆಟ್ಟದ ಕಡೆಯಿಂದ ಗುಂಡಿನ ಸದ್ದು ಕೇಳಿದರೆ ಯಾರೂ ತಿರುಗಿ ನೋಡುವುದಿಲ್ಲ. ನಿಮಿಷದಲ್ಲಿ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ ಊದಿದರೆ ಬೆಟ್ಟ ಬಲ್ಲ ಯಾರಿಗಾದರೂ ಅರ್ಥವಾಗುತ್ತದೆ. 112ಕ್ಕೆ ಕರೆ ಮಾಡಿ ಮೌಂಟನ್ ರೆಸ್ಕ್ಯೂ ಎಂದರೆ ಸಾಕು. ಹುಡುಕಿಕೊಂಡು ಬರುವವರು ಸಂಬಳವಿಲ್ಲದ ಸ್ವಯಂಸೇವಕರು. ಯಾವ ನಾಡಿನಿಂದ ಬಂದವನೆಂದು ಕೇಳಿ ಅವರು ಹೊರಡುವುದಿಲ್ಲ.

ಬಂದೂಕಿಗೂ ವಿಕ್ಲೋ ಬೆಟ್ಟಕ್ಕೂ ಸಂಬಂಧವೇ ಇಲ್ಲವೆಂದಲ್ಲ. ಲಗ್ನಕ್ವಿಲಾದ ಪಶ್ಚಿಮಕ್ಕಿರುವ ಗ್ಲೆನ್ ಆಫ್ ಇಮಾಲ್ ಕಣಿವೆ ಐರಿಷ್ ಸೈನ್ಯದ ಫಿರಂಗಿ ಅಭ್ಯಾಸದ ನೆಲ. 1941ರಲ್ಲಿ ಅಲ್ಲಿ ಸ್ಫೋಟಕ ತರಬೇತಿಯ ವೇಳೆ 16 ಸೈನಿಕರು ಸತ್ತರು. ಸಿಡಿಯದ ಗುಂಡುಗಳಿರಬಹುದು, ಏನನ್ನೂ ಮುಟ್ಟಬೇಡಿ ಎಂಬ ಫಲಕಗಳು ಇಂದಿಗೂ ನಿಂತಿವೆ. ಹೆಣ್ಣು ಜಿಂಕೆಗಳ ಬೇಟೆ ನವೆಂಬರ್ 1ಕ್ಕೆ ತೆರೆಯುತ್ತದೆ; ರಾತ್ರಿ ದೀಪ ಹಚ್ಚಿ ಕಳ್ಳಬೇಟೆಯಾಡುವವರೂ ಇದ್ದಾರೆ. ಎಂದರೆ ಚಾರಣಿಗನಿಗೆ ಇಲ್ಲಿ ಬಂದೂಕಿನಿಂದ ಅಪಾಯವಿರಬಹುದು, ಬಂದೂಕಿಲ್ಲದ್ದರಿಂದ ಅಲ್ಲ. ಅದಕ್ಕೆ ಮದ್ದು ಕಣ್ಣಿಗೆ ಹೊಡೆಯುವ ಬಣ್ಣದ ಕೋಟು.

ಬಂದೂಕು ಅರ್ಥಪೂರ್ಣವಾಗುವ ಹಿಮದ ನಾಡುಗಳಿವೆ, ಒಪ್ಪಬೇಕು. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಊರಿನಾಚೆ ಹೋಗುವವರು ಹಿಮಕರಡಿಯನ್ನು ಬೆದರಿಸುವ ಸಾಧನ ಒಯ್ಯಲೇಬೇಕೆಂದು ಕಾನೂನಿದೆ, ರೈಫಲ್ಲನ್ನೂ ಜೊತೆಗಿಡಿ ಎಂಬ ಸಲಹೆಯಿದೆ. ಅಮೆರಿಕದ ಕಥೆ ಬೇರೆ. ಅಲ್ಲಿನ ರಾಷ್ಟ್ರೀಯ ಉದ್ಯಾನಗಳೊಳಗೆ ಗುಂಡು ತುಂಬಿದ ಬಂದೂಕು ಒಯ್ಯಲು ಅನುಮತಿ ಜಾರಿಗೆ ಬಂದದ್ದು 2010ರ ಫೆಬ್ರುವರಿಯಲ್ಲಿ. ಆ ತಿದ್ದುಪಡಿಯನ್ನು ಪೋಣಿಸಿದ್ದು ಕ್ರೆಡಿಟ್ ಕಾರ್ಡ್ ಗ್ರಾಹಕರ ರಕ್ಷಣೆಗೆಂದು ಬಂದ ಮಸೂದೆಗೆ! ಕರಡಿಯ ಕಾಟದಿಂದ ಹುಟ್ಟಿದ ಕಾನೂನು ಅದಲ್ಲ. ಕರಡಿಗಳು ನಿಜಕ್ಕೂ ಇರುವ ಅಲಾಸ್ಕಾದ 269 ಘಟನೆಗಳನ್ನು ಟಾಮ್ ಸ್ಮಿತ್ ಮತ್ತು ಸಂಗಡಿಗರು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಳಿಯಿದ್ದ ಬಂದೂಕನ್ನು ಬಳಸಿದವರಿಗೂ ಬಳಸದವರಿಗೂ ಗಾಯಗೊಂಡ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಇಷ್ಟು ಹೇಳಿದ ಮೇಲೆ ಪಿಸ್ತೂಲುವಾದಿ ಕೊಡಗಿಗೆ ಬರುತ್ತಾನೆ. ಕೊಡಗಿನಲ್ಲಿ ಮನೆಮನೆಯಲ್ಲೂ ಕೋವಿಯಿದೆ, ಪರವಾನಗಿಯೂ ಬೇಡ, ಆದರೂ ಅಲ್ಲಿ ರಕ್ತ ಹರಿದಿಲ್ಲವಲ್ಲ? ಈ ವಾದಕ್ಕೆ ತೂಕವಿದೆ. 1861ರಲ್ಲಿ ಮಾರ್ಕ್ ಕಬ್ಬನ್ ಕೊಟ್ಟ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಮುಂದುವರಿದಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ಸವಲತ್ತನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ, ಪುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಒಂದು ಈಡು, ಗಂಡುಮಗು ಹುಟ್ಟಿದರೆ ಒಂದು, ಸಾವಾದರೆ ಎರಡು. ಗಂಡುಮಗುವಿಗಷ್ಟೇ ಯಾಕೆ ಎಂದು ಕೇಳುವವರು ಕೊಡಗಿನಲ್ಲೂ ಇದ್ದಾರೆ, ಕೇಳಲಿ. ಆ ಕೋವಿ ಮನೆತನದ್ದು, ನಾಲ್ವರ ಕಣ್ಣೆದುರು ಗೋಡೆಯ ಮೇಲಿರುವಂಥದ್ದು. ಯಾರ ಮನೆಯದು, ಯಾವ ಕೆಲಸಕ್ಕೆ ಎಂಬುದು ಊರಿಗೇ ಗೊತ್ತು. ಮಲೆನಾಡಿನಲ್ಲಿ ಬೆಳೆ ರಕ್ಷಣೆಗೆ ಪರವಾನಗಿ ಪಡೆದ ರೈತ ಪ್ರತಿ ಚುನಾವಣೆಯಲ್ಲೂ ಗೊಣಗುತ್ತ ತನ್ನ ಕೋವಿಯನ್ನು ಠಾಣೆಗೆ ಒಯ್ದು ಒಪ್ಪಿಸುತ್ತಾನೆ. ಕೋಟಿನ ಒಳಜೇಬಿನಲ್ಲಿ ಬಚ್ಚಿಟ್ಟು ಅಪರಿಚಿತರ ನಡುವೆ ಓಡಾಡಲು ಮಾಡಿದ ಪಿಸ್ತೂಲಿಗೂ ಈ ಕೋವಿಗೂ ಲೋಹವೊಂದೇ ಸಮಾನ.

ಪಿಸ್ತೂಲು ಕನ್ನಡಕ್ಕೆ ಏನು ಮಾಡಿದೆ ಎಂಬುದನ್ನು ಕನ್ನಡಿಗರಿಗೆ ನೆನಪಿಸಬೇಕಾಗಿ ಬಂದದ್ದೇ ವಿಷಾದದ ಸಂಗತಿ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರ ಮನೆಯ ಬಾಗಿಲು ತಟ್ಟಿದವರ ಬಳಿ ಇದ್ದದ್ದು 7.65 ಎಂ.ಎಂ. ನಾಡಪಿಸ್ತೂಲು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶರನ್ನು ಕೊಂದದ್ದೂ ಅದೇ ಆಯುಧವೆಂದು ವಿಧಿವಿಜ್ಞಾನ ಪ್ರಯೋಗಾಲಯ ವರದಿ ಕೊಟ್ಟಿತು. ಅವರ ಬಳಿಯೂ ಪಿಸ್ತೂಲಿದ್ದಿದ್ದರೆ ಎನ್ನುವವರಿದ್ದಾರೆ. ಪರಿಚಿತನಂತೆ ಬಾಗಿಲು ತಟ್ಟಿದವನಿಗೆ ಬಾಗಿಲು ತೆರೆದ ವೃದ್ಧ ವಿದ್ವಾಂಸ ಕೈಯಲ್ಲಿ ಪಿಸ್ತೂಲು ಹಿಡಿದೇ ತೆರೆಯಬೇಕಿತ್ತೇ? ಹಾಗೆ ಬದುಕಬೇಕಾದ ಧಾರವಾಡವನ್ನು ಕಲಬುರ್ಗಿಯವರು ಬಯಸಿದ್ದರೇ?

ಇನ್ನು ನಿಜವಾದ ಭಯದ ಮಾತು. 2025ರ ಜುಲೈ 19ರಂದು ಡಬ್ಲಿನ್ನಿನ ಟ್ಯಾಲಾ ಪ್ರದೇಶದಲ್ಲಿ, ಐರ್ಲೆಂಡಿಗೆ ಬಂದು ಕೆಲವೇ ವಾರಗಳಾಗಿದ್ದ ಭಾರತೀಯನೊಬ್ಬನನ್ನು ಗುಂಪೊಂದು ರಕ್ತ ಬರುವಂತೆ ಹೊಡೆದು ಅರೆಬೆತ್ತಲೆ ಮಾಡಿತು. ಮಕ್ಕಳೊಂದಿಗೆ ಅನುಚಿತವಾಗಿ ವರ್ತಿಸಿದನೆಂಬ ಸುಳ್ಳು ಆರೋಪ ಅದಕ್ಕೆ ನೆಪ. ಆಗಸ್ಟ್ 1ರಂದು ಭಾರತೀಯ ರಾಯಭಾರ ಕಚೇರಿ, ನಿರ್ಜನ ಪ್ರದೇಶಗಳಿಗೆ ಅವೇಳೆಯಲ್ಲಿ ಹೋಗಬೇಡಿರೆಂದು ಸೂಚನೆ ಹೊರಡಿಸಿತು. ಫೀನಿಕ್ಸ್ ಪಾರ್ಕಿನ ಇಂಡಿಯಾ ಡೇ ಮುಂದೂಡಲ್ಪಟ್ಟಿತು. ಚಳಿಗಾಲದ ಬೆಟ್ಟಗಳಷ್ಟು ನಿರ್ಜನ ಜಾಗ ಬೇರೆ ಯಾವುದಿದೆ? ಭಯ ಊರಿನಲ್ಲಿ ಹುಟ್ಟಿ ಬೆಟ್ಟ ಹತ್ತಿದ್ದು ಹೀಗೆ. ಟ್ಯಾಲಾದಲ್ಲಿ ಆ ಮನುಷ್ಯನಿಗೆ ನೆರವಾದದ್ದು, ದಾರಿಯಲ್ಲಿ ಕಾರು ನಿಲ್ಲಿಸಿ ಇಳಿದು ಬಂದ ಸ್ಥಳೀಯ ಮಹಿಳೆಯೊಬ್ಬರು.

ಹೆಂಗಸರ ಭಯ ಇದಕ್ಕಿಂತ ಹಳೆಯದು, ಅದನ್ನು ಯಾರೂ ಹಗುರವಾಗಿ ತಳ್ಳಿಹಾಕಬಾರದು. 2022ರ ಜನವರಿ 12ರಂದು ಟಲ್ಲಮೋರ್ ಪಟ್ಟಣದ ಬಳಿ, ಗ್ರ್ಯಾಂಡ್ ಕೆನಾಲಿನ ದಂಡೆಯಲ್ಲಿ ಹಗಲು ಹೊತ್ತಿನಲ್ಲೇ ಓಡಲು ಹೋಗಿದ್ದ 23 ವರ್ಷದ ಶಾಲಾ ಶಿಕ್ಷಕಿಯ ಕೊಲೆಯಾಯಿತು. ದೇಶದ ಊರೂರುಗಳಲ್ಲಿ ಜನ ಮೇಣದಬತ್ತಿ ಹಿಡಿದು ನಿಂತರು. ಓಡಲು ಹೋಗುವ ಹೆಣ್ಣಿನ ಬಳಿ ಆಯುಧವಿದ್ದಿದ್ದರೆ ಎಂಬ ಪ್ರಶ್ನೆ ಅಂದು ಯಾರ ಮನಸ್ಸಿನಲ್ಲೂ ಏಳಲಿಲ್ಲವೆಂದಲ್ಲ. ಮುಂದಿನದನ್ನೂ ನೋಡಬೇಕು. ಪೊಲೀಸರು ಮೊದಲು ಬಂಧಿಸಿದ್ದು ರೊಮೇನಿಯಾದಿಂದ ಬಂದಿದ್ದ ಕಾರ್ಮಿಕನನ್ನು. ಅವನಿಗೂ ಕೊಲೆಗೂ ಸಂಬಂಧವಿಲ್ಲವೆಂದು ಎರಡೇ ದಿನದಲ್ಲಿ ಗೊತ್ತಾಯಿತು. ಅಷ್ಟರಲ್ಲಿ ಅವನ ಹೆಸರು, ಚಿತ್ರ ಎಲ್ಲೆಡೆ ಹಬ್ಬಿ, ಬೆದರಿಕೆಗಳು ಶುರುವಾಗಿದ್ದವು. ನಿಜವಾದ ಕೊಲೆಗಾರ ಸ್ಲೊವಾಕಿಯಾ ಮೂಲದವನೆಂದು ತಿಳಿದಾಗ, ಒಬ್ಬನ ಅಪರಾಧವನ್ನು ವಲಸಿಗರೆಲ್ಲರ ತಲೆಗೆ ಕಟ್ಟಲು ಬಲಪಂಥೀಯರು ತಡಮಾಡಲಿಲ್ಲ. ಆ ವಾರ ಐರ್ಲೆಂಡಿನ ಪ್ರತಿ ಓಟಗಾರನ ಸೊಂಟದಲ್ಲೂ ಪಿಸ್ತೂಲಿದ್ದಿದ್ದರೆ, ಕಾಲುವೆಯ ದಾರಿಯಲ್ಲಿ ಮುಸ್ಸಂಜೆ ಒಬ್ಬನೇ ನಡೆದು ಬರುವ ಕಂದುಬಣ್ಣದ ಗಂಡಸಿನ ಗತಿಯೇನಾಗುತ್ತಿತ್ತು?

ಪಿಸ್ತೂಲುವಾದಿ ತನ್ನನ್ನು ಯಾವಾಗಲೂ ಪಿಸ್ತೂಲಿನ ಹಿಂದೆ ನಿಲ್ಲಿಸಿಕೊಂಡು ಕನಸು ಕಾಣುತ್ತಾನೆ, ಮುಂದೆ ನಿಂತವನು ತಾನೇ ಆಗಬಹುದೆಂದು ಅವನಿಗೆ ಹೊಳೆಯುವುದೇ ಇಲ್ಲ. 2020ರ ಫೆಬ್ರುವರಿ 23ರಂದು ಅಮೆರಿಕದ ಜಾರ್ಜಿಯಾದಲ್ಲಿ ಅಹ್ಮದ್ ಆರ್ಬರಿ ಎಂಬ ಕಪ್ಪು ತರುಣ ಓಡಲು ಹೊರಟಿದ್ದ. ಕಳ್ಳನಿರಬೇಕೆಂದು ಶಂಕಿಸಿದ ಬಿಳಿಯ ತಂದೆ ಮಗ ಬಂದೂಕು ಹಿಡಿದು ವಾಹನದಲ್ಲಿ ಬೆನ್ನಟ್ಟಿ ಕೊಂದರು, ಆತ್ಮರಕ್ಷಣೆ ಎಂದರು. ಅವರ ಬಂಧನಕ್ಕೆ ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. 2023ರ ನವೆಂಬರ್ 23ರಂದು ಡಬ್ಲಿನ್ನಿನ ಪಾರ್ನೆಲ್ ಸ್ಕ್ವೇರ್ ಬಳಿ ಚೂರಿ ಹಿಡಿದವನೊಬ್ಬ ಪುಟ್ಟ ಮಕ್ಕಳ ಮೇಲೆ ಎರಗಿದಾಗ ಅವನನ್ನು ತಡೆದವನು ಬ್ರೆಜಿಲ್ಲಿನಿಂದ ಬಂದ, ಮನೆಮನೆಗೆ ಊಟ ತಲುಪಿಸುವ ಸವಾರ. ಅವನ ಆಯುಧ ತಲೆಯ ಹೆಲ್ಮೆಟ್ಟು. ಅಂದೇ ರಾತ್ರಿ ವಲಸಿಗರ ವಿರುದ್ಧ ಕೂಗುತ್ತ ಗುಂಪು ಬಸ್ಸು, ಟ್ರಾಮು, ಪೊಲೀಸ್ ಕಾರುಗಳನ್ನು ಸುಟ್ಟಿತು. ಆ ಗುಂಪಿನ ಕೈಯಲ್ಲಿ ಬೆಂಕಿಯಿತ್ತು, ಕಲ್ಲಿತ್ತು. ಪಿಸ್ತೂಲಿರಲಿಲ್ಲ. ಕನ್ನಡಿಗನಿಗೆ ಪರವಾನಗಿ ಕೊಡುವ ಕಾನೂನು ಆ ಗುಂಪಿಗೂ ಕೊಡುತ್ತದೆ, ಬಹುಶಃ ಮೊದಲು ಅವರಿಗೇ ಕೊಡುತ್ತದೆ.

ಐರ್ಲೆಂಡ್ ಇದನ್ನು ಪುಸ್ತಕ ಓದಿ ಕಲಿತದ್ದಲ್ಲ. ಚಳಿಗಾಲದ ಭಾನುವಾರಗಳಲ್ಲಿ ಭಾರತೀಯ ಕುಟುಂಬಗಳು ಫೋಟೋ ತೆಗೆಸಿಕೊಳ್ಳುವ ಹೌತ್ ಬಂದರಿನಲ್ಲಿ 1914ರ ಜುಲೈನಲ್ಲಿ ಅಸ್ಗಾರ್ಡ್ ಎಂಬ ಹಾಯಿದೋಣಿಯಿಂದ ಸುಮಾರು 900 ರೈಫಲ್‌ಗಳು ಇಳಿದವು. ದಂಗೆ, ಸ್ವಾತಂತ್ರ್ಯ ಸಮರ, ಅಂತರ್ಯುದ್ಧ ಎಲ್ಲವನ್ನೂ ಕಂಡ ಹೊಸ ರಾಜ್ಯ ತನ್ನ ಗಾರ್ಡಾ ಪೊಲೀಸರನ್ನು ನಿರಾಯುಧರನ್ನಾಗಿಟ್ಟಿತು. ಸಮವಸ್ತ್ರದ ಸಾಮಾನ್ಯ ಪೊಲೀಸನ ಸೊಂಟದಲ್ಲಿ ಇಂದಿಗೂ ಬಂದೂಕಿಲ್ಲ. 1972ರಲ್ಲಿ ಉತ್ತರದ ಹಿಂಸೆ ಉಕ್ಕಿದಾಗ ಪಿಸ್ತೂಲುಗಳನ್ನು ಒಂದು ತಿಂಗಳ ಮಟ್ಟಿಗೆ ಠಾಣೆಗೆ ಒಪ್ಪಿಸಿ ಎಂದ ಸರ್ಕಾರ ಅವನ್ನು ಹಿಂತಿರುಗಿಸಲಿಲ್ಲ. 2004ರಲ್ಲಿ ನ್ಯಾಯಾಲಯದ ಮೂಲಕ ಬಾಗಿಲು ಸ್ವಲ್ಪ ತೆರೆಯಿತು, 2009ರ ಕಾನೂನು ಗುರಿ ಸ್ಪರ್ಧೆಯ ಕೆಲವು ಸಣ್ಣ ಪಿಸ್ತೂಲುಗಳನ್ನು ಬಿಟ್ಟು ಹೊಸಬರಿಗೆ ಮತ್ತೆ ಮುಚ್ಚಿತು. ಆತ್ಮರಕ್ಷಣೆ ಎಂಬ ಕಾರಣಕ್ಕೆ ಗಣರಾಜ್ಯದಲ್ಲಿ ಪರವಾನಗಿಯಿಲ್ಲ. ಗಡಿಯಾಚೆಯ ಉತ್ತರ ಐರ್ಲೆಂಡಿನಲ್ಲಿ ಪ್ರಾಣರಕ್ಷಣೆಗೆ ಪಿಸ್ತೂಲು ಸಿಗುತ್ತದೆ. ಕೊಲೆ ಬೆದರಿಕೆ ನಿಜವೆಂದು ಪೊಲೀಸರೇ ಒಪ್ಪಿದವರಿಗೆ. ಅಂಥ ಬದುಕನ್ನು ಅಲ್ಲಿ ಯಾರೂ ಹಕ್ಕೆಂದು ಸಂಭ್ರಮಿಸುವುದಿಲ್ಲ.

ಊರಿನಿಂದ ಬರುವವರು ಮಗಳ ಚೀಲಕ್ಕೆ ಹಾಕಿಕೊಡುವ ಪೆಪ್ಪರ್ ಸ್ಪ್ರೇ ಕೂಡ ಐರಿಷ್ ಕಾನೂನಿನ ಕಣ್ಣಿಗೆ ಬಂದೂಕೇ. ಅದು ಸಿಕ್ಕಿಬಿದ್ದು ಶಿಕ್ಷೆಯಾದರೆ ಮುಂದೆ ಪೌರತ್ವದ ಅರ್ಜಿಯಲ್ಲಿ 'ಸನ್ನಡತೆ'ಯ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಮತ್ತೊಂದು ಮಾತು ಸಾಮಾನ್ಯವಾಗಿ ಯಾರೂ ಎತ್ತುವುದಿಲ್ಲ. ಭಾನುವಾರದ ಚಾರಣಕ್ಕೆಂದು ಕೊಂಡ ಪಿಸ್ತೂಲು ಉಳಿದ ಆರು ದಿನ ಮನೆಯಲ್ಲಿರುತ್ತದೆ: ನಾಲ್ಕಕ್ಕೇ ಕತ್ತಲಾಗುವ, ಊರಿನ ಫೋನಿಗೆ ಕಾಯುವ, ಮಾತಾಡಲು ಜನವಿಲ್ಲದ ಮನೆಯಲ್ಲಿ. ಅಮೆರಿಕದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು.

ಕೇಳಬೇಕಾದ್ದನ್ನು ಕೇಳದಿರುವುದಕ್ಕೆ ಪಿಸ್ತೂಲಿನ ಕನಸು ಒಳ್ಳೆಯ ನೆಪ. 2024ರ ದ್ವೇಷಾಪರಾಧ ಕಾಯ್ದೆ ಆ ವರ್ಷದ ಕೊನೆಯ ದಿನ ಜಾರಿಗೆ ಬಂತು. ಜನಾಂಗ, ಬಣ್ಣ, ಧರ್ಮಗಳ ಮೇಲಿನ ದ್ವೇಷದಿಂದ ಮಾಡಿದ ಹಲ್ಲೆಗೆ ಹೆಚ್ಚಿನ ಶಿಕ್ಷೆ ಅದರಲ್ಲಿದೆ. ದ್ವೇಷಕ್ಕೆ ಪ್ರಚೋದಿಸುವ ಮಾತಿನ ಕುರಿತ ಭಾಗವನ್ನು ಮಸೂದೆಯಿಂದ ಮೊದಲೇ ಕೈಬಿಡಲಾಯಿತು. ಹಲ್ಲೆಯ ದೂರು ಬರೆದುಕೊಳ್ಳುವಾಗ ದ್ವೇಷದ ಅಂಶವನ್ನು ದಾಖಲಿಸಿ ಎಂದು ಠಾಣೆಯಲ್ಲಿ ಕೂತು ಒತ್ತಾಯಿಸುವವರು, ಕೈಬಿಟ್ಟ ಭಾಗದ ಬಗ್ಗೆ ತಮ್ಮ ಕ್ಷೇತ್ರದ ಸಂಸದರನ್ನು ಕೇಳುವವರು, ಹೊಸದಾಗಿ ಬಂದ ದಾದಿಯನ್ನೋ ವಿದ್ಯಾರ್ಥಿಯನ್ನೋ ಭಾನುವಾರ ಬೆಳಿಗ್ಗೆ ಎಂಟಕ್ಕೆ, ಹನ್ನೊಂದಕ್ಕಲ್ಲ, ಜೊತೆಗೆ ಬೆಟ್ಟಕ್ಕೆ ಕರೆದೊಯ್ಯುವವರು ಐರ್ಲೆಂಡಿನ ಕನ್ನಡಿಗರಲ್ಲಿ ಎಷ್ಟು ಜನ? ಟೆಕ್ಸಾಸಿನ ಫೋಟೋ ನೋಡಿ ನಿಟ್ಟುಸಿರಿಡುವವರಿಗೆ ಈ ಲೆಕ್ಕ ಒಪ್ಪಿಸುವ ಹೊಣೆಯಿದೆ.